ಅಚ್ಚಿಗೆ ಒಪ್ಪುವ ಚಿತ್ರಕ್ಕೆ ಕ್ಯಾಮೆರಾ ಆರಿಸುವ ಬಗೆ

ತಾಲ್ಲೂಕಿನ ಇತಿಹಾಸದ ಪುಸ್ತಕ, ದೇವಾಲಯದ ಜೀರ್ಣೋದ್ಧಾರದ ಸ್ಮರಣ ಸಂಚಿಕೆ, ಕೃಷಿ ಮಾಸಪತ್ರಿಕೆಯ ಲೇಖನ, ಭಾನುವಾರದ ಪುರವಣಿ ಇವೆಲ್ಲಕ್ಕೂ ಬರೆಯುವವರೇ ಚಿತ್ರಗಳನ್ನೂ ಒದಗಿಸಬೇಕಾದ ಪರಿಸ್ಥಿತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಈಗ ಸಾಮಾನ್ಯವಾಗಿದೆ. ಈ ಮಾರ್ಗದರ್ಶಿ ಅಂಥವರಿಗಾಗಿ. ಮದುವೆಯ ಛಾಯಾಗ್ರಹಣ ಮಾಡುವವರ ಮತ್ತು ವಿಡಿಯೊ ತೆಗೆಯುವವರ ಅಗತ್ಯಗಳು ಬೇರೆಯಾದುದರಿಂದ ಅವುಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ.

ಅಂಗಡಿಯವರು ಮೊದಲು ಕೇಳುವುದು ಬಜೆಟ್ ಎಷ್ಟೆಂದು. ಕೊಳ್ಳುವವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟೆಂದು. ಈ ಎರಡು ಪ್ರಶ್ನೆಗಳಿಗೂ ಮುಂಚೆ ಚಿತ್ರವು ಎಷ್ಟು ಅಗಲದಲ್ಲಿ, ಯಾವ ಕಾಗದದ ಮೇಲೆ ಅಚ್ಚಾಗಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಅಚ್ಚಾಗುವ ಪುಟದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಕ್ಯಾಮೆರಾದ ಆಯ್ಕೆ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಹಂತ: ಪುಟದ ಅಳತೆಯಿಂದ ಪಿಕ್ಸೆಲ್ ಲೆಕ್ಕ

ಆಫ್‌ಸೆಟ್ ಮುದ್ರಣದಲ್ಲಿ ಒಳ್ಳೆಯ ಆರ್ಟ್ ಪೇಪರಿನ ಮೇಲೆ ಅಚ್ಚಾಗುವ ಚಿತ್ರಕ್ಕೆ ಪ್ರತಿ ಇಂಚಿಗೆ 300 ಪಿಕ್ಸೆಲ್ (ಚಿತ್ರವನ್ನು ಮೂಡಿಸುವ ಚುಕ್ಕಿ) ಬೇಕೆಂಬುದು ರೂಢಿಯ ಅಳತೆ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಶಾಯಿ ಹರಡಿಕೊಳ್ಳುವುದರಿಂದ ಅಲ್ಲಿ ಮುದ್ರಣದ ಚುಕ್ಕಿಗಳೇ ದಪ್ಪವಾಗಿರುತ್ತವೆ; ಆದ್ದರಿಂದ ದಿನಪತ್ರಿಕೆಗೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಸಾಕು. ಅಂದರೆ ಪತ್ರಿಕೆಯಲ್ಲಿ ಆರು ಇಂಚು ಅಗಲಕ್ಕೆ ಬರುವ ಚಿತ್ರಕ್ಕೆ 1200 ಪಿಕ್ಸೆಲ್ ಅಗಲ ಸಾಕಾಗುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದಿನ ಕ್ಯಾಮೆರಾ ಕೂಡ ಇದನ್ನು ಸಲೀಸಾಗಿ ಒದಗಿಸುತ್ತದೆ.

ಕನ್ನಡ ಪುಸ್ತಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಡೆಮಿ 1/8 ಆಕಾರದ ಪುಟವು ಸರಿಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ ಇರುತ್ತದೆ. ಇದರ ಪೂರ್ಣಪುಟಕ್ಕೆ 1650 ಮತ್ತು 2550 ಪಿಕ್ಸೆಲ್, ಅಂದರೆ ಒಟ್ಟು 42 ಲಕ್ಷ ಪಿಕ್ಸೆಲ್ ಬೇಕು. ಎ4 ಅಳತೆಯ ನಿಯತಕಾಲಿಕದ ಪೂರ್ಣಪುಟಕ್ಕೆ 2480 ಮತ್ತು 3508 ಪಿಕ್ಸೆಲ್, ಒಟ್ಟು 87 ಲಕ್ಷ. ಎದುರುಬದುರು ಎರಡು ಪುಟಗಳನ್ನು ಒಂದೇ ಚಿತ್ರ ಆವರಿಸುವುದಾದರೆ ಸುಮಾರು 1 ಕೋಟಿ 74 ಲಕ್ಷ. ಅಂಚು ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಎಲ್ಲ ಕಡೆ ಮೂರು ಮಿಲಿಮೀಟರ್ ಹೆಚ್ಚಿಗೆ ಬಿಟ್ಟರೆ ಇದು 1 ಕೋಟಿ 80 ಲಕ್ಷ ಆಗುತ್ತದೆ. ಹತ್ತು ಲಕ್ಷ ಪಿಕ್ಸೆಲ್ ಎಂದರೆ ಒಂದು ಮೆಗಾಪಿಕ್ಸೆಲ್. ಹಾಗಾಗಿ ನಿಯತಕಾಲಿಕದಲ್ಲಿ ಬರಬಹುದಾದ ಅತಿ ದೊಡ್ಡ ಚಿತ್ರಕ್ಕೂ 18 ಮೆಗಾಪಿಕ್ಸೆಲ್ ಸಾಕು.

ಈಗ ಸಾಮಾನ್ಯವಾಗಿ ದೊರೆಯುವ 24 ಮೆಗಾಪಿಕ್ಸೆಲ್ ಕ್ಯಾಮೆರಾ 6000 ಮತ್ತು 4000 ಪಿಕ್ಸೆಲ್ ಅಳತೆಯ ಚಿತ್ರವನ್ನು ಕೊಡುತ್ತದೆ. ಅಡ್ಡಲಾಗಿ ತೆಗೆದ ಇಂಥ ಚಿತ್ರದ ನಡುಭಾಗವನ್ನು ಎ4 ಪುಟದ ಆಕಾರಕ್ಕೆ ಉದ್ದುದ್ದ ಕತ್ತರಿಸಿದರೂ 2828 ಮತ್ತು 4000 ಪಿಕ್ಸೆಲ್ ಉಳಿಯುವುದರಿಂದ ಅದು ಮುಖಪುಟಕ್ಕೆ ಒದಗುತ್ತದೆ. ಸಂಪಾದಕರು ಕೊನೆಯ ಗಳಿಗೆಯಲ್ಲಿ ಅಡ್ಡ ಚಿತ್ರವನ್ನು ಉದ್ದ ಮಾಡಿಕೊಡಿ ಎಂದು ಕೇಳುವುದು ಅಪರೂಪವಲ್ಲ. ಆಗ ಕೈಹಿಡಿಯುವುದು ಈ ಹೆಚ್ಚುವರಿ ಪಿಕ್ಸೆಲ್‌ಗಳೇ. 12 ಮೆಗಾಪಿಕ್ಸೆಲ್‌ನ, 4000 ಮತ್ತು 3000 ಅಳತೆಯ ಚಿತ್ರವನ್ನು ಹೀಗೆಯೇ ಕತ್ತರಿಸಿದರೆ ಎ4 ಪುಟದಲ್ಲಿ ಇಂಚಿಗೆ ಸುಮಾರು 257 ಪಿಕ್ಸೆಲ್ ಸಿಗುತ್ತದೆ, ಅಂದರೆ ಸ್ವಲ್ಪ ಕೊರತೆ ಬೀಳುತ್ತದೆ. ಆದ್ದರಿಂದ 20ರಿಂದ 26 ಮೆಗಾಪಿಕ್ಸೆಲ್‌ನ ನಡುವಿನ ಯಾವುದೇ ಕ್ಯಾಮೆರಾ ಪ್ರಕಟಣೆಯ ಕೆಲಸಕ್ಕೆ ಸಾಕಾಗುತ್ತದೆ ಎಂದು ನಿರ್ಧರಿಸಿಕೊಂಡು, ಮೆಗಾಪಿಕ್ಸೆಲ್ ವಿಷಯವನ್ನು ಇಲ್ಲಿಗೆ ಮುಗಿಸಬಹುದು.

ಮೊಬೈಲ್ ಫೋನಿನಲ್ಲಿಯೂ 12 ಮೆಗಾಪಿಕ್ಸೆಲ್ ಇದೆಯಲ್ಲ ಎಂಬ ಪ್ರಶ್ನೆ ನ್ಯಾಯವಾದುದೇ. ಹಗಲು ಬೆಳಕಿನಲ್ಲಿ, ಪತ್ರಿಕೆಯ ಎರಡು ಮೂರು ಕಾಲಂ ಅಗಲದ ಚಿತ್ರಕ್ಕೆ ಒಳ್ಳೆಯ ಫೋನು ಧಾರಾಳವಾಗಿ ಸಾಕು; ಅಷ್ಟೇ ಕೆಲಸವಿದ್ದರೆ ಹಣ ಖರ್ಚು ಮಾಡಬೇಕಾಗಿಲ್ಲ. ಬೆಳಕು ಕಡಿಮೆಯಾದಾಗ ಮಾತ್ರ ಫೋನು ತನ್ನ ಪುಟ್ಟ ಸೆನ್ಸರಿನ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕದ) ಕೊರತೆಯನ್ನು ಸಾಫ್ಟ್‌ವೇರಿನಿಂದ ತುಂಬಿಕೊಳ್ಳುತ್ತದೆ. ಕಲ್ಲಿನ ಮೇಲಿನ ಉಳಿಯ ಗುರುತು, ಮುದುಕರ ಮುಖದ ಸುಕ್ಕು, ಸೀರೆಯ ನೇಯ್ಗೆ ಇವೆಲ್ಲ ಮೇಣ ಸವರಿದಂತೆ ನುಣುಪಾಗುತ್ತವೆ. ಫೋನಿನ ಪರದೆಯಲ್ಲಿ ಕಾಣದ ಈ ದೋಷ ಎ4 ಪುಟದಲ್ಲಿ ಅಚ್ಚಾದಾಗ ಎದ್ದು ಕಾಣುತ್ತದೆ.

ಎರಡನೆಯ ಹಂತ: ತೆಗೆಯುವ ವಸ್ತು ಯಾವುದು, ಬೆಳಕು ಎಂಥದು

ಒಂದು ಹಾಳೆಯ ಮೇಲೆ ಮುಂದಿನ ಒಂದು ವರ್ಷದಲ್ಲಿ ನೀವು ತೆಗೆಯಬೇಕಾದ ಚಿತ್ರಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಬೆಳಕು ಎಷ್ಟಿದೆ, ವಸ್ತು ಚಲಿಸುತ್ತದೆಯೇ, ಎಷ್ಟು ದೂರದಲ್ಲಿರುತ್ತದೆ ಎಂಬ ಮೂರು ಸಂಗತಿಗಳನ್ನು ನಮೂದಿಸಿ. ಕ್ಯಾಮೆರಾ ಕೊಳ್ಳುವ ಮುನ್ನ ಮಾಡಬೇಕಾದ ಅತಿ ಮುಖ್ಯ ಕೆಲಸ ಇದು. ಬಹಳ ಮಂದಿ ಇದನ್ನೇ ಮಾಡುವುದಿಲ್ಲ.

ಈ ಮೂರು ಜಿಲ್ಲೆಗಳ ಬರಹಗಾರರ ಹಾಳೆಯಲ್ಲಿ ದೇವಾಲಯಗಳು ಮೊದಲ ಸಾಲಿನಲ್ಲಿಯೇ ಇರುತ್ತವೆ: ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಕೋಲಾರಮ್ಮ ಮತ್ತು ಸೋಮೇಶ್ವರ, ಆವನಿಯ ರಾಮಲಿಂಗೇಶ್ವರ, ತುಮಕೂರಿನ ಬಳಿಯ ಕೈದಾಳದ ಚೆನ್ನಕೇಶವ. ಭೋಗನಂದೀಶ್ವರದ ಕಲ್ಯಾಣ ಮಂಟಪದ ಕಂಬಗಳನ್ನು ತೆಗೆಯಲು ನಿಂತರೆ ಸಮಸ್ಯೆ ತಕ್ಷಣ ಅರಿವಾಗುತ್ತದೆ. ಕಂಬಗಳು ಕಪ್ಪು ಕಲ್ಲಿನವು, ಮಂಟಪದೊಳಗೆ ನೆರಳು, ಅದರ ಆಚೆಗೆ ಬಿಸಿಲು ಬಿದ್ದ ಪ್ರಾಕಾರ. ಕತ್ತಲು ಮತ್ತು ಬೆಳಕಿನ ನಡುವಿನ ಇಷ್ಟು ದೊಡ್ಡ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ ಸೆನ್ಸರಿಗೆ ಇರಬೇಕು. ಇದಕ್ಕೆ ಡೈನಮಿಕ್ ರೇಂಜ್ ಎನ್ನುತ್ತಾರೆ. ಜೊತೆಗೆ, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗುತ್ತದೆ. ಅನುಮತಿ ಇಲ್ಲದ ದಿನ ಕೈಯಲ್ಲಿ ಹಿಡಿದೇ ತೆಗೆಯಬೇಕಾದುದರಿಂದ, ಕ್ಯಾಮೆರಾದ ಒಳಗೆ ಸೆನ್ಸರನ್ನೇ ಅಲುಗಾಡಿಸಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೇ ಎಂಬುದು ಇಲ್ಲಿ ನಿರ್ಣಾಯಕವಾಗುತ್ತದೆ.

ಊರೂರಿನ ವೀರಗಲ್ಲು ಮತ್ತು ಶಾಸನಗಳದು ಇನ್ನೊಂದು ಬಗೆ. ಸವೆದ ಅಕ್ಷರ ಓದುವಂತೆ ಮೂಡಬೇಕಾದರೆ ಬೆಳಕು ಕಲ್ಲಿನ ಮೈಗೆ ತೀರ ಓರೆಯಾಗಿ, ಪಕ್ಕದಿಂದ ಬೀಳಬೇಕು. ಬೆಳಗಿನ ಎಳೆಬಿಸಿಲಿಗೆ ಕಾಯಬಹುದು. ಕಲ್ಲು ಬೇವಿನ ಮರದಡಿಯಲ್ಲಿಯೋ ಗುಡಿಯ ಗೋಡೆಗೆ ಒರಗಿಯೋ ಇದ್ದರೆ ಫ್ಲಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ ಪಕ್ಕದಲ್ಲಿ ಹಿಡಿಸಬೇಕು. ಇದಕ್ಕೆ ಕ್ಯಾಮೆರಾದ ನೆತ್ತಿಯಲ್ಲಿ ಫ್ಲಾಶ್ ಕೂರಿಸುವ ಹಾಟ್ ಶೂವಿನಲ್ಲಿ ನಡುವಿನ ಪಿನ್ ಇರಬೇಕು. ಕ್ಯಾನನ್ 200ಡಿ ಮಾರ್ಕ್ 2ರಂತಹ ಕೆಲವು ಆರಂಭಿಕ ದರ್ಜೆಯ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವೇ ಬಾಡಿ) ಆ ಪಿನ್ನನ್ನೇ ತೆಗೆದುಹಾಕಿದ್ದಾರೆ. ಎಲ್ಲ ಕಂಪನಿಯ ಕ್ಯಾಮೆರಾಗಳಿಗೂ ಹೊಂದುತ್ತದೆಂದು ಮಾರುವ, ಬೇರ್ಪಡಿಸಿದ ಫ್ಲಾಶನ್ನು ಬೆಳಗಿಸುವ ಅಗ್ಗದ ಟ್ರಿಗರ್‌ಗಳು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಶಾಸನಗಳ ಚಿತ್ರ ತೆಗೆಯುವವರು ಇದೊಂದನ್ನು ಮರೆಯದೆ ನೋಡಿಕೊಳ್ಳಬೇಕು.

ಶಿಡ್ಲಘಟ್ಟದ ಸುತ್ತಲಿನ ರೇಷ್ಮೆ ಹುಳು ಸಾಕಾಣಿಕೆ ಮನೆಗಳಲ್ಲಿ ಬೆಳಕು ಮಂದವಾಗಿರುತ್ತದೆ, ಹುಳುಗಳಿಗೆ ತೀವ್ರ ಬೆಳಕು ಆಗದು, ಆದ್ದರಿಂದ ಫ್ಲಾಶ್ ಬಳಸುವುದನ್ನು ಮನೆಯವರು ಒಪ್ಪುವುದಿಲ್ಲ. ಸೊಪ್ಪು ಹಾಕುವ ಕೈಗಳು ಚಲಿಸುತ್ತಿರುತ್ತವೆ. ಮೇಲೆ ಎಲ್‌ಇಡಿ ದೀಪವಿದ್ದರೆ, ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಆಗಿರುವುದರಿಂದ, ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಷಟರ್ ಎಂದರೆ ಬೆಳಕು ಎಷ್ಟು ಹೊತ್ತು ಒಳಬರಬೇಕೆಂದು ನಿಯಂತ್ರಿಸುವ ವ್ಯವಸ್ಥೆ; ಕಣ್ಣಿಗೆ ಕಾಣದ ಈ ಮಿನುಗು ಎಲೆಕ್ಟ್ರಾನಿಕ್ ಷಟರ್‌ನಲ್ಲಿ ತೆಗೆದ ಚಿತ್ರದ ಮೇಲೆ ಅಡ್ಡಪಟ್ಟಿಗಳಾಗಿ ಕೂರುತ್ತದೆ. ಪರದೆಯೇ ತೆರೆದು ಮುಚ್ಚುವ ಮೆಕ್ಯಾನಿಕಲ್ ಷಟರ್ ಇರುವ ಬಾಡಿಯನ್ನು ಆರಿಸಿಕೊಂಡು 1/50 ಅಥವಾ 1/100 ಸೆಕೆಂಡಿಗೆ ಹೊಂದಿಸಿದರೆ ಪಟ್ಟಿಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ಚಂದ್ರಿಕೆ ಎಂಬ ತಟ್ಟೆಯಲ್ಲಿ ಗೂಡು ಕಟ್ಟುತ್ತಿರುವ ಒಂದೇ ಹುಳುವಿನ ಚಿತ್ರ ಬೇಕಿದ್ದರೆ ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಬೇರೆ ಬೇಕು.

ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿ, ಕೆಜಿಎಫ್‌ನ ಸೈನೈಡ್ ದಿಬ್ಬಗಳು (ಚಿನ್ನದ ಗಣಿಯ ತ್ಯಾಜ್ಯದ ರಾಶಿ), ಮೈದನಹಳ್ಳಿಯ ಹುಲ್ಲುಗಾವಲು ಇವುಗಳಲ್ಲಿ ಬೆಳಕಿಗೆ ಕೊರತೆಯಿಲ್ಲ; ತೊಂದರೆ ಕೊಡುವುದು ದೂಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಆ ದಿಬ್ಬಗಳ ನುಣ್ಣನೆಯ ದೂಳು ಬಿರುಗಾಳಿಗೆ ಎದ್ದಾಗ ಅಲ್ಲಿ ಲೆನ್ಸ್ ಬದಲಾಯಿಸುವುದೆಂದರೆ ಸೆನ್ಸರಿಗೆ ದೂಳನ್ನು ಕೈಯಾರೆ ಸುರಿದಂತೆ. ಅಂಥ ಕಡೆಗಳಲ್ಲಿ ಹೆಚ್ಚು ಓಡಾಡುವವರಿಗೆ ದೂಳು, ತೇವ ತಡೆಯುವ ರಬ್ಬರ್ ಅಂಚುಗಳಿರುವ ಬಾಡಿಯೂ ಲೆನ್ಸ್ ಬದಲಿಸದೆ ಹೆಚ್ಚು ಕೆಲಸ ಮುಗಿಸಬಲ್ಲ ಜೂಮ್ ಲೆನ್ಸೂ ಬೇಕು. ಸುಮಾರು 1478 ಮೀಟರ್ ಎತ್ತರದ ನಂದಿ ಬೆಟ್ಟದ ಬೆಳಗಿನ ಮಂಜಿಗೂ ಇದೇ ಮಾತು ಅನ್ವಯಿಸುತ್ತದೆ.

ಹಕ್ಕಿ, ಪ್ರಾಣಿಗಳ ವಿಷಯದಲ್ಲಿ ದೂರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುವುದರಿಂದ ಅಲ್ಲಿ 300 ಮಿಲಿಮೀಟರ್ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಲೆನ್ಸಿನಲ್ಲಿಯೂ ಒಳ್ಳೆಯ ಚಿತ್ರ ಸಾಧ್ಯ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶದಲ್ಲಿ ಮೃಗಗಳು ಬಯಲಿನಲ್ಲಿ ದೂರ ದೂರವೇ ಇರುತ್ತವೆ; ಅಲ್ಲಿ 400 ಮಿಲಿಮೀಟರಿಗಿಂತ ಕಡಿಮೆಯ ಲೆನ್ಸ್ ಹಿಡಿದುಹೋದರೆ ಸಿಗುವುದು ಹುಲ್ಲುಗಾವಲಿನ ಚಿತ್ರ.

ಮೂರನೆಯ ಹಂತ: ಸೆನ್ಸರಿನ ಗಾತ್ರ

ಫುಲ್ ಫ್ರೇಮ್ ಸೆನ್ಸರ್ 36 ಮತ್ತು 24 ಮಿಲಿಮೀಟರ್ ಇರುತ್ತದೆ. ಎಪಿಎಸ್‌-ಸಿ ಎಂಬುದು ನಿಕಾನ್, ಸೋನಿ, ಫ್ಯೂಜಿಫಿಲ್ಮ್ ಕ್ಯಾಮೆರಾಗಳಲ್ಲಿ ಸುಮಾರು 23.5 ಮತ್ತು 15.6 ಮಿಲಿಮೀಟರ್, ಕ್ಯಾನನ್‌ನದು ಇನ್ನೂ ಕೊಂಚ ಚಿಕ್ಕದು. ಮೈಕ್ರೊ ಫೋರ್ ಥರ್ಡ್ಸ್ 17.3 ಮತ್ತು 13 ಮಿಲಿಮೀಟರ್. ವಿಸ್ತೀರ್ಣದ ಲೆಕ್ಕದಲ್ಲಿ ಫುಲ್ ಫ್ರೇಮ್ ಸೆನ್ಸರ್ ಎಪಿಎಸ್‌-ಸಿಗಿಂತ ಎರಡೂಕಾಲು ಪಟ್ಟಿಗೂ ಸ್ವಲ್ಪ ಹೆಚ್ಚು. ಅಷ್ಟೇ ಪಟ್ಟು ಹೆಚ್ಚು ಬೆಳಕನ್ನು ಅದು ಸಂಗ್ರಹಿಸುವುದರಿಂದ ಮಂದ ಬೆಳಕಿನಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಅದರಲ್ಲಿ ಕಡಿಮೆ.

ಹಾಗೆಂದು ಎಲ್ಲರಿಗೂ ಫುಲ್ ಫ್ರೇಮ್ ಬೇಕೆಂದು ಹೇಳಲಾಗದು. ಹಕ್ಕಿಗಳನ್ನು ತೆಗೆಯುವವರಿಗೆ ಎಪಿಎಸ್‌-ಸಿ ಲಾಭದಾಯಕ: 300 ಮಿಲಿಮೀಟರ್ ಲೆನ್ಸ್ ಅದರಲ್ಲಿ 450 ಮಿಲಿಮೀಟರಿನ ನೋಟವನ್ನು ಕೊಡುತ್ತದೆ, ಲೆನ್ಸಿನ ತೂಕವೂ ಬೆಲೆಯೂ ಇಳಿಯುತ್ತವೆ. ಕೃಷಿ, ಮಾರುಕಟ್ಟೆ, ಜಾತ್ರೆ, ವ್ಯಕ್ತಿಚಿತ್ರಗಳೇ ಹೆಚ್ಚಾಗಿದ್ದರೆ ಎಪಿಎಸ್‌-ಸಿ ಸಾಕು. ದೇವಾಲಯದ ಒಳಾಂಗಣ ಮತ್ತು ರಾತ್ರಿಯ ಉತ್ಸವಗಳೇ ನಿಮ್ಮ ಹಾಳೆಯ ಅರ್ಧವನ್ನು ತುಂಬಿದ್ದರೆ ಮಾತ್ರ ಫುಲ್ ಫ್ರೇಮಿಗೆ ಹಣ ಹಾಕುವುದು ಸಾರ್ಥಕ.

ನಾಲ್ಕನೆಯ ಹಂತ: ಮೊದಲು ಲೆನ್ಸ್, ಆಮೇಲೆ ಬಾಡಿ

ಹಣ ಹಂಚುವಾಗ ಬಾಡಿಗಿಂತ ಲೆನ್ಸಿಗೆ ಹೆಚ್ಚಿನ ಪಾಲನ್ನು ಮೀಸಲಿಡಬೇಕು. ಬಾಡಿಯ ಬೆಲೆ ಹೊಸ ಮಾದರಿ ಬಂದೊಡನೆ ಕುಸಿಯುತ್ತದೆ; ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳನ್ನು ದಾಟಿ ಉಳಿಯುತ್ತದೆ. ಕ್ಯಾಮೆರಾದ ಜೊತೆಗೇ ಪೆಟ್ಟಿಗೆಯಲ್ಲಿ ಬರುವ 18-55 ಮಿಲಿಮೀಟರ್ ಬಗೆಯ ಕಿಟ್ ಲೆನ್ಸ್, ಬಿಸಿಲಿನಲ್ಲಿ ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್/8ಕ್ಕೆ ಹೊಂದಿಸಿದಾಗ ಅಚ್ಚಿಗೆ ಯೋಗ್ಯವಾದ ಚಿತ್ರವನ್ನೇ ಕೊಡುತ್ತದೆ. ಅದನ್ನು ಹೀಗಳೆಯುವವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಅದರ ಮಿತಿ ಕಾಣುವುದು ಮಂದ ಬೆಳಕಿನಲ್ಲಿ.

ಲೆಕ್ಕ ನೋಡಿ. ಕಿಟ್ ಲೆನ್ಸನ್ನು 55 ಮಿಲಿಮೀಟರಿಗೆ ಚಾಚಿದಾಗ ಅದರ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿಲಿಮೀಟರಿನ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹುಳು ಮನೆಯಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ 6400 ಬೇಕಾದಲ್ಲಿ ಇದಕ್ಕೆ 640 ಸಾಕು (ಐಎಸ್‌ಒ ಎಂಬುದು ಬೆಳಕಿಗೆ ಸ್ಪಂದಿಸುವ ಮಟ್ಟ; ಅದು ಹೆಚ್ಚಿದಷ್ಟೂ ನಾಯ್ಸ್ ಹೆಚ್ಚು). ಯಾವ ದುಬಾರಿ ಬಾಡಿಯೂ ಇಷ್ಟು ದೊಡ್ಡ ವ್ಯತ್ಯಾಸವನ್ನು ತಂದುಕೊಡಲಾರದು, ಮತ್ತು ಬಹುತೇಕ ಎಲ್ಲ ಕಂಪನಿಗಳಲ್ಲಿಯೂ ಕಡಿಮೆ ಬೆಲೆಗೆ ಸಿಗುವ ಲೆನ್ಸ್‌ಗಳಲ್ಲಿ ಇದೂ ಒಂದು.

ಆದರೆ ಎಫ್/1.8ರಲ್ಲಿ ಚೊಕ್ಕಟವಾಗಿ ಕಾಣುವ ಆಳ ಬಹಳ ಕಡಿಮೆ. ಮನುಷ್ಯರ ಮುಖಕ್ಕೆ ಅದು ಚೆನ್ನ. ಕಂಬದ ಮೇಲಿನ ಉಬ್ಬುಶಿಲ್ಪಕ್ಕೆ ಹೊಂದದು, ಮೂಗು ಸ್ಪಷ್ಟವಾದರೆ ಕಿವಿಯೋಲೆ ಮಸುಕಾಗುತ್ತದೆ. ಶಿಲ್ಪಕ್ಕೆ ಎಫ್/5.6ರಿಂದ ಎಫ್/8 ಬೇಕು, ಬೆಳಕಿನ ಕೊರತೆಯನ್ನು ನಿಧಾನ ಷಟರ್‌ನಿಂದ ತುಂಬಿಕೊಳ್ಳಬೇಕು. ಆದ್ದರಿಂದ ವಸ್ತು ಚಲಿಸುವಂಥದಾದರೆ ಅಪರ್ಚರ್ ದೊಡ್ಡದಿರುವ ಲೆನ್ಸನ್ನೂ, ವಸ್ತು ನಿಶ್ಚಲವಾದರೆ ಕೈನಡುಕ ತಡೆಯುವ ಬಾಡಿಯನ್ನೋ ಟ್ರೈಪಾಡನ್ನೋ ಆಶ್ರಯಿಸಬೇಕು ಎಂಬ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಂಗಳಾರತಿ ಎತ್ತುತ್ತಿರುವ ಅರ್ಚಕರ ಕೈಯನ್ನು ಯಾವ ಕೈನಡುಕ ತಡೆಯೂ ನಿಲ್ಲಿಸಲಾರದು. ಇನ್ನು ಸ್ಪಷ್ಟತೆ ಹೆಚ್ಚಲೆಂದು ಎಫ್/16 ದಾಟಿ ಕಿರಿದುಗೊಳಿಸಿದರೆ, ಕಿಂಡಿಯ ಅಂಚಿನಲ್ಲಿ ಬೆಳಕು ಬಾಗುವ ಡಿಫ್ರಾಕ್ಷನ್‌ನಿಂದಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಗೋಪುರ, ಮಂಟಪಗಳಿಗೆ ಅಗಲ ನೋಟದ ಲೆನ್ಸ್ ಬೇಕು: ಎಪಿಎಸ್‌-ಸಿಯಲ್ಲಿ 16 ಮಿಲಿಮೀಟರಿನ ಆಸುಪಾಸು, ಫುಲ್ ಫ್ರೇಮಿನಲ್ಲಿ 24. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ ತೆಗೆದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ನೆಟ್ಟಗೆ ಮಾಡಬಹುದು, ಆದರೆ ಹಾಗೆ ಮಾಡುವಾಗ ಅಂಚಿನ ಒಂದಿಷ್ಟು ಭಾಗ ಕತ್ತರಿಸಿಹೋಗುತ್ತದೆ. ಸುತ್ತಲೂ ಜಾಗ ಬಿಟ್ಟು ತೆಗೆಯುವುದೇ ಇದಕ್ಕೆ ಪರಿಹಾರ; 24 ಮೆಗಾಪಿಕ್ಸೆಲ್ ಇದ್ದರೆ ಹಾಗೆ ಜಾಗ ಬಿಟ್ಟೂ ಪೂರ್ಣಪುಟಕ್ಕೆ ಸಾಲುವಷ್ಟು ಉಳಿಯುತ್ತದೆ.

ಒಂದೇ ಲೆನ್ಸ್ ಕೊಳ್ಳುವ ಶಕ್ತಿ ಇದ್ದವರಿಗೆ ನನ್ನ ಸಲಹೆ: ಎಪಿಎಸ್‌-ಸಿಗೆ 17-50 ಅಥವಾ 17-70ರ ಆಸುಪಾಸಿನ, ಎಫ್/2.8 ಸ್ಥಿರವಾಗಿರುವ ಜೂಮ್. ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳು ಈ ಬಗೆಯವನ್ನು ತಯಾರಿಸುತ್ತವೆ. ಇದರಿಂದ ಮಂಟಪ, ಮಂಡಿ, ಮುಖ ಮೂರೂ ಸಾಧ್ಯ.

ಐದನೆಯ ಹಂತ: ಬಾಡಿಯಲ್ಲಿ ಏನಿರಬೇಕು

ರಾ ಕಡತ (ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ಕಡತ) ತೆಗೆಯುವ ಸೌಲಭ್ಯ ಇರಲೇಬೇಕು. ಕ್ಯಾಮೆರಾವೇ ಸಂಸ್ಕರಿಸಿ ಕುಗ್ಗಿಸುವ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳು ಮಾತ್ರ ಉಳಿಯುತ್ತವೆ. 14 ಬಿಟ್ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಪುಸ್ತಕಗಳಿಗೆ ಬಳಸುವ ಮ್ಯಾಪ್‌ಲಿಥೊ ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ಚುಕ್ಕಿಗಳು ಊದಿಕೊಂಡು, ಚಿತ್ರದ ನೆರಳಿನ ಭಾಗಗಳು ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗುತ್ತವೆ. ಕಪ್ಪು ಕಲ್ಲಿನ ಶಿಲ್ಪದ ಚಿತ್ರವನ್ನು ಅಚ್ಚಿಗೆ ಕಳುಹಿಸುವ ಮುನ್ನ ನೆರಳನ್ನು ಎತ್ತಿಕೊಡಬೇಕಾಗುತ್ತದೆ, ಜೆಪೆಗ್‌ನಲ್ಲಿ ಹಾಗೆ ಎತ್ತಿದರೆ ಕಲೆಕಲೆಯಾಗುತ್ತದೆ. ಸೆನ್ಸರಿನ ಡೈನಮಿಕ್ ರೇಂಜ್ ಎಷ್ಟೇ ಇದ್ದರೂ ಅದರ ಪ್ರಯೋಜನ ಕೈಗೆ ಸಿಗುವುದು ರಾ ಕಡತದ ಮೂಲಕವೇ. 24 ಮೆಗಾಪಿಕ್ಸೆಲ್‌ನ ಒಂದು ರಾ ಕಡತ ಸಾಮಾನ್ಯವಾಗಿ 25ರಿಂದ 30 ಎಂಬಿ ಇರುತ್ತದೆಂಬುದನ್ನು ಗಮನಿಸಿ ಕಾರ್ಡು, ಹಾರ್ಡ್ ಡಿಸ್ಕುಗಳಿಗೂ ಹಣ ಎತ್ತಿಡಿ.

ಎರಡು ಕಾರ್ಡ್ ಹಾಕುವ ವ್ಯವಸ್ಥೆ ಮತ್ತೆ ಮರಳಿಬಾರದ ಸಂದರ್ಭಗಳನ್ನು ತೆಗೆಯುವವರಿಗೆ ಅಗತ್ಯ. ರಥೋತ್ಸವವನ್ನು ಮತ್ತೆ ತೆಗೆಯಲು ಒಂದು ವರ್ಷ ಕಾಯಬೇಕು. ವೀರಗಲ್ಲಿನ ಚಿತ್ರ ಹಾಳಾದರೆ ಮರುದಿನ ಹೋಗಬಹುದು. ಸೆಕೆಂಡಿಗೆ ಎಷ್ಟು ಚಿತ್ರ, 4ಕೆ ವಿಡಿಯೊ ಇದೆಯೇ ಎಂಬುವು ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತವೆ, ಹಕ್ಕಿ ತೆಗೆಯುವವರನ್ನು ಬಿಟ್ಟರೆ ಅಚ್ಚಿನ ಕೆಲಸದವರಿಗೆ ಅವುಗಳಿಂದ ಪ್ರಯೋಜನ ಅಲ್ಪ.

ಕೆಲವು ಮಾದರಿಗಳನ್ನು ಹೆಸರಿಸಿದರೆ ಹೋಲಿಕೆ ಸುಲಭವಾದೀತು. ನಿಕಾನ್ ಜೆಡ್5 ಫುಲ್ ಫ್ರೇಮ್, 24 ಮೆಗಾಪಿಕ್ಸೆಲ್, ಒಳಗೇ ಕೈನಡುಕ ತಡೆಯುವ ವ್ಯವಸ್ಥೆ, ಎರಡು ಕಾರ್ಡ್; ದೇವಾಲಯದ ಕೆಲಸಕ್ಕೆ ಇವು ನಾಲ್ಕೂ ಬೇಕಾದವೇ. 2018ರಲ್ಲಿ ಬಂದ ಸೋನಿ ಎ7 ಮಾರ್ಕ್ 3 ಕೂಡ ಇದೇ ಬಗೆಯದು, ಅದಕ್ಕೆ ಬೇರೆ ಕಂಪನಿಗಳ ಲೆನ್ಸ್‌ಗಳ ಆಯ್ಕೆ ಹೆಚ್ಚು. ಕ್ಯಾನನ್ ಇಒಎಸ್ ಆರ್‌ಪಿ ಹಗುರವಾದ ಫುಲ್ ಫ್ರೇಮ್ ಕ್ಯಾಮೆರಾ, ಆದರೆ ಅದರೊಳಗೆ ಕೈನಡುಕ ತಡೆ ಇಲ್ಲ, ಕಾರ್ಡೂ ಒಂದೇ. ಎಪಿಎಸ್‌-ಸಿಯಲ್ಲಿ ಕ್ಯಾನನ್ ಆರ್10, ಸೋನಿ ಎ6400, ನಿಕಾನ್ ಜೆಡ್50 ಮೂರೂ ಒಳ್ಳೆಯ ಚಿತ್ರ ಕೊಡುತ್ತವೆ, ಮೂರರ ಸೆನ್ಸರಿಗೂ ಕೈನಡುಕ ತಡೆ ಇಲ್ಲ. ಕ್ಯಾನನ್ ಆರ್7 ಮತ್ತು ಸೋನಿ ಎ6700ರಲ್ಲಿ ಅದು ಇದೆ. ಆರ್7ರ 32.5 ಮೆಗಾಪಿಕ್ಸೆಲ್ ಹಕ್ಕಿಚಿತ್ರಗಳನ್ನು ಕತ್ತರಿಸಿಕೊಳ್ಳಲು ಅನುಕೂಲ.

ಆರನೆಯ ಹಂತ: ಹೊಸದೋ, ಬಳಸಿದ್ದೋ

ಅಚ್ಚಿನ ಕೆಲಸಕ್ಕೆ, ಬೇರೆಯವರು ಬಳಸಿದ, ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕೊಳ್ಳುವುದು ಇಂದಿಗೂ ಬುದ್ಧಿವಂತಿಕೆಯ ದಾರಿ ಎಂದೇ ನಾನು ಭಾವಿಸುತ್ತೇನೆ. ಛಾಯಾಗ್ರಾಹಕರು ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಬದಲಾಗುತ್ತಿರುವುದರಿಂದ 2014ರ ನಿಕಾನ್ ಡಿ750, 2016ರ ಕ್ಯಾನನ್ 5ಡಿ ಮಾರ್ಕ್ 4ರಂತಹ ಫುಲ್ ಫ್ರೇಮ್ ಬಾಡಿಗಳು ಮಾರಾಟಕ್ಕೆ ಬರುತ್ತಿವೆ. ಅವು ತೆಗೆದ ಚಿತ್ರಕ್ಕೂ ಹೊಸ ಕ್ಯಾಮೆರಾ ತೆಗೆದ ಚಿತ್ರಕ್ಕೂ ಅಚ್ಚಾದ ಪುಟದಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ.

ಮದುವೆಗಳಲ್ಲಿ ದುಡಿದ ಬಾಡಿಯಾದರೆ ಷಟರ್ ಎಣಿಕೆಯನ್ನು, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿವೆ ಎಂಬುದನ್ನು, ಮೊದಲು ನೋಡಿ. ಈ ಎರಡೂ ಮಾದರಿಗಳ ಷಟರ್‌ಗಳನ್ನು ಒಂದೂವರೆ ಲಕ್ಷ ಕ್ಲಿಕ್ಕಿನವರೆಗೆ ಪರೀಕ್ಷಿಸಿರುವುದಾಗಿ ಕಂಪನಿಗಳು ಹೇಳುತ್ತವೆ. ಆ ಗಡಿಯ ಹತ್ತಿರ ಬಂದಿರುವುದನ್ನು ತೆಗೆದುಕೊಳ್ಳಬೇಡಿ. ಎಫ್/16ಕ್ಕೆ ಹೊಂದಿಸಿ ಬರಿಯ ಆಕಾಶವನ್ನು ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಮೇಲಿನ ದೂಳು, ಎಣ್ಣೆಯ ಚುಕ್ಕಿಗಳು ಕಾಣುತ್ತವೆ. ಅವನ್ನು ಶುಚಿ ಮಾಡಿಸಬಹುದು. ಲೆನ್ಸಿಗೆ ಮುಚ್ಚಳ ಹಾಕಿ ಷಟರನ್ನು 30 ಸೆಕೆಂಡ್ ತೆರೆದಿಟ್ಟಾಗ ಬಣ್ಣದ ಚುಕ್ಕಿಗಳು ಬಹಳವಾಗಿದ್ದರೆ ಬೇಡ. ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ: ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಆ ಲೆನ್ಸನ್ನು ಯಾವ ಬೆಲೆಗೂ ಮನೆಗೆ ತರಬಾರದು. ಮೂಲ ಬಿಲ್ಲಿನ ಮೇಲಿನ ಸೀರಿಯಲ್ ಸಂಖ್ಯೆ ಬಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಹೊಸದನ್ನು ಕೊಳ್ಳುವಾಗಲೂ, ಬೆಲೆ ತೀರ ಇಳಿದಿದ್ದರೆ, ಭಾರತದ ವಾರಂಟಿ ಇರುವುದನ್ನು ಖಚಿತಪಡಿಸಿಕೊಳ್ಳಿ.

ಹಳೆಯ ಲೆನ್ಸ್‌ಗಳಲ್ಲೊಂದು ತೊಡಕಿದೆ. ನಿಕಾನ್‌ನ ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟಾರ್ ಇರುವುದಿಲ್ಲ, ಆದುದರಿಂದ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಅವು ತಾವಾಗಿ ಫೋಕಸ್ ಆಗುವುದಿಲ್ಲ. ಕ್ಯಾನನ್‌ನ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಹೊಸ ಆರ್ ಸರಣಿಯಲ್ಲಿಯೂ ಪೂರ್ತಿ ಕೆಲಸ ಮಾಡುತ್ತವೆ.

ಏಳನೆಯ ಹಂತ: ಕಾಗದದ ಮೇಲೆ ಪರೀಕ್ಷೆ

ನಿಮ್ಮದೇ ಕಾರ್ಡ್ ತೆಗೆದುಕೊಂಡು ಅಂಗಡಿಗೆ ಹೋಗಿ. ಸಾಧ್ಯವಿದ್ದರೆ ಪರಿಚಯದ ಸ್ಟುಡಿಯೊದವರಿಂದ ನೀವು ಆರಿಸಿದ ಮಾದರಿಯನ್ನೇ ಒಂದು ದಿನದ ಬಾಡಿಗೆಗೆ ಪಡೆದು, ನಿಮ್ಮ ಹಾಳೆಯಲ್ಲಿರುವ ಅತಿ ಕಷ್ಟದ ಜಾಗಕ್ಕೆ ಒಯ್ದು ತೆಗೆಯಿರಿ. ಬೆಂಗಳೂರಿನ ಅಂಗಡಿಯ ಪ್ರಖರ ದೀಪಗಳ ಕೆಳಗೆ ಯಾವ ಕ್ಯಾಮೆರಾವೂ ಕೆಟ್ಟ ಚಿತ್ರ ಕೊಡುವುದಿಲ್ಲ.

ಬಂದ ಚಿತ್ರವನ್ನು ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಪೂರ್ಣ ಗಾತ್ರದ ಚಿತ್ರದಿಂದ 1800 ಮತ್ತು 1200 ಪಿಕ್ಸೆಲ್ ಅಳತೆಯ ಒಂದು ತುಂಡನ್ನು ಕತ್ತರಿಸಿ, ಕಲರ್ ಲ್ಯಾಬಿನಲ್ಲಿ ಆರಕ್ಕೆ ನಾಲ್ಕು ಇಂಚಿನ ಪ್ರಿಂಟ್ ಹಾಕಿಸಿ. ಆರು ಇಂಚಿಗೆ 1800 ಪಿಕ್ಸೆಲ್ ಎಂದರೆ ಇಂಚಿಗೆ 300. ಹಾಗಾಗಿ ನಿಮ್ಮ ಕೈಯಲ್ಲಿರುವುದು, ಇಡೀ ಚಿತ್ರ ಎರಡು ಪುಟಗಳಿಗೆ ಹರಡಿಕೊಂಡು ಅಚ್ಚಾದಾಗ ಕಾಣುವ ಒಂದು ಭಾಗ. ನಡುವಿನ ಒಂದು ತುಂಡು, ಮೂಲೆಯ ಒಂದು ತುಂಡು, ನೆರಳಿನ ಭಾಗದ ಒಂದು ತುಂಡು ಹೀಗೆ ಮೂರನ್ನು ಹಾಕಿಸಿ, ಪುಸ್ತಕ ಓದುವಷ್ಟು ದೂರದಲ್ಲಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನೋಡಿ. ಮೂಲೆಯ ತುಂಡು ಮಸುಕಾಗಿದ್ದರೆ ದೋಷ ಲೆನ್ಸಿನದು. ನೆರಳಿನ ತುಂಡಿನಲ್ಲಿ ಮರಳು ಚೆಲ್ಲಿದಂತೆ ಕಂಡರೆ ಬೆಳಕು ಸಾಲದು, ದೊಡ್ಡ ಅಪರ್ಚರಿನ ಲೆನ್ಸೋ ದೊಡ್ಡ ಸೆನ್ಸರೋ ಬೇಕು. ಮೂರೂ ಚೊಕ್ಕಟವಾಗಿದ್ದರೆ ಅದಕ್ಕಿಂತ ದುಬಾರಿಯದನ್ನು ಹುಡುಕುವ ಅಗತ್ಯವಿಲ್ಲ.

ಎಂಟನೆಯ ಹಂತ: ಕಡತ ಕಳುಹಿಸುವಾಗ

ಇಷ್ಟೆಲ್ಲ ಜಾಗರೂಕತೆಯಿಂದ ತೆಗೆದ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ, ಸಾಮಾನ್ಯ ಗುಣಮಟ್ಟದಲ್ಲಿ ಅದರ ಉದ್ದ ಅಂಚು ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. 300ರ ಲೆಕ್ಕದಲ್ಲಿ ಐದೂಕಾಲು ಇಂಚಿಗಷ್ಟೇ ಸಾಕು. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ. ಇಮೇಲ್ ಅಥವಾ ಡ್ರೈವ್ ಕೊಂಡಿ ಇನ್ನೂ ಮೇಲು. ಪತ್ರಿಕೆಯವರು ಬೇರೆ ಹೇಳದಿದ್ದರೆ, ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣದ ವಲಯದಲ್ಲಿ, ಅತಿ ಹೆಚ್ಚಿನ ಗುಣಮಟ್ಟದ ಜೆಪೆಗ್ ಮಾಡಿ ಕೊಡಿ. ಮುದ್ರಣದ ನಾಲ್ಕು ಶಾಯಿಗಳ ಬಣ್ಣವಾದ ಸಿಎಂವೈಕೆಗೆ ನೀವೇ ಪರಿವರ್ತಿಸಬೇಡಿ, ಏಕೆಂದರೆ ಅದು ಮುದ್ರಣಾಲಯದ ಕಾಗದ ಮತ್ತು ಶಾಯಿಗೆ ಅನುಗುಣವಾಗಿ ಆಗಬೇಕಾದ ಕೆಲಸ. ಕುಂಕುಮದ ಕೆಂಪು, ರೇಷ್ಮೆ ಸೀರೆಯ ಗಾಢ ನೀಲಿ ಮತ್ತು ಹಸಿರುಗಳು ಅಚ್ಚಿನಲ್ಲಿ ಒಂದಿಷ್ಟು ಮಂಕಾಗುವುದು ಸಹಜ. ಪುಸ್ತಕವಾದರೆ ಡಿಟಿಪಿ ಮಾಡುವವರ ಮೂಲಕ ಒಂದೆರಡು ಚಿತ್ರಗಳ ಕಲರ್ ಪ್ರೂಫ್ (ಅಚ್ಚಿಗೆ ಮುಂಚಿನ ಬಣ್ಣದ ಮಾದರಿ) ತರಿಸಿ ನೋಡಿದ ಮೇಲೆಯೇ ಉಳಿದವುಗಳ ಬಣ್ಣವನ್ನು ತಿದ್ದಿ. ರಾ ಕಡತಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಟ್ಟುಕೊಳ್ಳಿ, ಎರಡನೆಯ ಮುದ್ರಣಕ್ಕೆ ಪುಟದ ಅಳತೆ ಬದಲಾದರೆ ಮತ್ತೆ ಬೇಕಾಗುವುದು ಅವೇ.